ಬಾಸ್‌ಗಿಂತ ಗಾಲ್ಸಿಯಾ ಕಾಟವೇ ಜಾಸ್ತಿ: ಸ್ಟ್ರೀಟ್ಸ್ ಆಫ್ ರೇಜ್ 4

ಬೀದಿ ರೌಡಿಗಳನ್ನು ಹೊಡೆಯುತ್ತಾ ಮುಂದೆ ಸಾಗುವ ಈ ವಿಡಿಯೋ ಗೇಮ್ ಬಂದಿದ್ದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ. ನಾನು ಕೊಂಡಿದ್ದು ಅದಾಗಿ ಒಂದು ವರ್ಷಕ್ಕೆ. ಇರುವುದು ಹನ್ನೆರಡೇ ಸ್ಟೇಜ್. ಎಷ್ಟು ಸಲ ಮುಗಿಸಿದೆನೋ ಲೆಕ್ಕ ಇಟ್ಟಿಲ್ಲ. ಸ್ಟೇಜ್ ಕೊನೆಗೆ ಬರುವ ದೊಡ್ಡ ವೈರಿಗಳು, ಅಂದರೆ ಬಾಸ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಮಾತ್ರ ಗುಂಪು ಗುಂಪಾಗಿ ಬಂದು ಒದೆ ತಿನ್ನುವ ಪುಡಿ ರೌಡಿಗಳು.

ಗಾಲ್ಸಿಯಾನನ್ನೇ ತಗೊಳ್ಳಿ. ಈ ಸರಣಿಯ 1991ರ ಮೊದಲ ಗೇಮ್‌ನಿಂದಲೂ ಇದ್ದಾನೆ. ಒಬ್ಬನೇ ಬಂದರೆ ನಾಲ್ಕು ಏಟಿಗೆ ಮಲಗುತ್ತಾನೆ. ಆದರೆ ಕೈಗೆ ಚಾಕು ಸಿಕ್ಕರೆ ಮುಗೀತು, ಸೀದಾ ಓಡಿ ಬಂದು ಚುಚ್ಚುತ್ತಾನೆ. ಸರಿ, ಹಾರಿ ಒದೆಯೋಣ ಅಂದರೆ ಪಕ್ಕದಲ್ಲಿ ಬೋಳು ತಲೆಯ ಡೊನೊವನ್ ಕಾದಿರುತ್ತಾನೆ. ಗಾಳಿಯಲ್ಲಿದ್ದವರ ದವಡೆಗೆ ಕೆಳಗಿನಿಂದ ಗುದ್ದುವುದೇ ಅವನ ಕೆಲಸ. ನೆಲದಲ್ಲೇ ನಿಂತರೆ ಸಿಗ್ನಲ್ ಅನ್ನುವ ಇನ್ನೊಬ್ಬ ರೌಡಿ ಜಾರಿ ಬಂದು ಕಾಲು ಹೊಡೆಯುತ್ತಾನೆ. ಬಿಡಿಬಿಡಿಯಾಗಿ ಮೂವರೂ ಏನೂ ಅಲ್ಲ. ಒಟ್ಟಿಗೆ ಬಂದರೆ ಯಾರನ್ನು ಮೊದಲು ಹೊಡೆಯಬೇಕು ಅಂತ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ಆಟ ಇರುವುದೇ ಅಲ್ಲಿ.

ಮೊದಲ ತಿಂಗಳು ನಾನು ಸುಮ್ನೆ ಬಟನ್ ಒತ್ತುತ್ತಿದ್ದೆ. ಆಮೇಲೆ ಮೇಲೆ ಕೆಳಗೆ ಸರಿದಾಡುತ್ತಾ ಎಲ್ಲರನ್ನೂ ಒಂದೇ ಕಡೆ ಗುಡ್ಡೆ ಹಾಕುವುದನ್ನು ಕಲಿತೆ. ನಾವು ಆಡಿಸುವ ಹೀರೋಗಳಲ್ಲಿ ಫ್ಲಾಯ್ಡ್‌ನನ್ನು ಆರಿಸಿಕೊಂಡರೆ ಎರಡು ಕೈಯಲ್ಲಿ ಇಬ್ಬರನ್ನು ಹಿಡಿದು ತಲೆಗೆ ತಲೆ ಡಿಕ್ಕಿ ಹೊಡೆಸಬಹುದು. ತೆಂಗಿನಕಾಯಿ ಒಡೆದಷ್ಟೇ ಖುಷಿ! ಸ್ಪೆಷಲ್ ಏಟಿಗೆ ನಮ್ಮದೇ ರಕ್ತ, ಅಂದರೆ ಹೆಲ್ತ್ ಖರ್ಚಾಗುತ್ತದೆ. ಏಟು ತಿನ್ನದೆ ಎದುರಾಳಿಗೆ ಹೊಡೆಯುತ್ತಾ ಹೋದರೆ ಅದು ವಾಪಸ್ ಬರುತ್ತದೆ. ಹಾಗಾಗಿ ಈ ಪುಡಿ ರೌಡಿಗಳೇ ನಮಗೆ ಔಷಧಿ ಅಂಗಡಿ ಕೂಡ.

ಎರಡನೇ ಸ್ಟೇಜ್‌ನ ಪೊಲೀಸ್ ಸ್ಟೇಷನ್ ಇವತ್ತಿಗೂ ಮಜಾ. ಅಲ್ಲಿ ಪೊಲೀಸರಿಗೂ ರೌಡಿಗಳಿಗೂ ಅವರವರಲ್ಲೇ ಜಗಳ. ನಾನು ಮೂಲೆಯಲ್ಲಿ ನಿಂತು ನೋಡುತ್ತೇನೆ, ಉಳಿದವರನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಬೇಜಾರಿನ ವಿಷಯವೂ ಇದೆ. ಬಟ್ಟೆಯ ಬಣ್ಣ ಬದಲಿಸಿ, ಹೊಸ ಹೆಸರಿಟ್ಟು ಅದೇ ಮುಖವನ್ನು ಮತ್ತೆ ಕಳಿಸುತ್ತಾರೆ. ಹಳೇ ಗೇಮ್‌ಗಳಿಂದ ಬಂದ ಪದ್ಧತಿ, ಒಪ್ಪಿದೆ. ಆದರೂ ಕೊನೆಯ ಸ್ಟೇಜ್‌ಗಳಲ್ಲಿ ಹೊಸ ಮುಖ ಇನ್ನೂ ನಾಲ್ಕು ಇರಬೇಕಿತ್ತು ಅನ್ನಿಸುತ್ತದೆ.

2021ರಲ್ಲಿ ಬಂದ 'ಮಿಸ್ಟರ್ ಎಕ್ಸ್ ನೈಟ್‌ಮೇರ್' ಅನ್ನುವ ಹೆಚ್ಚುವರಿ ಭಾಗವನ್ನು ಕೊಂಡುಕೊಳ್ಳಿ ಅಂತಲೇ ಹೇಳುತ್ತೇನೆ. ಅದರ ಸರ್ವೈವಲ್ ಮೋಡ್‌ನಲ್ಲಿ ಅಲೆ ಅಲೆಯಾಗಿ ಇವರೇ ಬರುತ್ತಾರೆ, ಕಥೆಯ ತಂಟೆ ಇಲ್ಲ.

ಒಂದೇ ಟಿವಿಯಲ್ಲಿ ನಾಲ್ಕು ಜನ ಆಡಬಹುದು. ನಮ್ಮನೆಯಲ್ಲಿ ಆಡುವುದು ನಾನು ಮತ್ತು ತಮ್ಮ. ಹೋದ ಭಾನುವಾರ ಕೊನೆಯ ಸ್ಟೇಜ್‌ನಲ್ಲಿ ಅವನಿಗೆ ಉಳಿದಿದ್ದು ಒಂದೇ ಲೈಫ್. ನೆಲದ ಮೇಲಿದ್ದ, ತಿಂದರೆ ಹೆಲ್ತ್ ತುಂಬುವ ಕೋಳಿ ಯಾರಿಗೆ ಅಂತ ನಾವು ಜಗಳ ಆಡುತ್ತಿದ್ದೆವು. ಅಷ್ಟರಲ್ಲಿ ಹಿಂದಿನಿಂದ ಚಾಕು ಹಿಡಿದ ಗಾಲ್ಸಿಯಾ ಓಡಿ ಬಂದ. ಕೋಳಿ ನನಗೇ ಸಿಕ್ಕಿತು.