ಒಂದೇ ಪಂದ್ಯ ನೋಡುವುದಾದರೆ: ಮಿಶಿಗನ್–ಒಹಾಯೊ ಸ್ಟೇಟೋ, ಅಲಬಾಮಾ–ಆಬರ್ನೋ?

ಎರಡೂ ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ತಂಡಗಳ ಪಂದ್ಯಗಳು, ನಡೆಯುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಾಂತ್ಯದಲ್ಲಿ. ಸಮ ವರ್ಷಗಳಲ್ಲಿ ಕೊಲಂಬಸ್ (ಒಹಾಯೊ ಸ್ಟೇಟ್‌ನ ಊರು) ಮತ್ತು ಟಸ್ಕಲೂಸಾದಲ್ಲಿ (ಅಲಬಾಮಾದ ಊರು), ಬೆಸ ವರ್ಷಗಳಲ್ಲಿ ಆನ್ ಆರ್ಬರ್ (ಮಿಶಿಗನ್‌ನ ಊರು) ಮತ್ತು ಆಬರ್ನ್‌ನಲ್ಲಿ.

ಭಾರತದಿಂದ ನೋಡುವವರಿಗೆ ಮಿಶಿಗನ್ ಪಂದ್ಯವೇ ಅನುಕೂಲ. ಸಾಮಾನ್ಯವಾಗಿ ಅಲ್ಲಿ ಮಧ್ಯಾಹ್ನ 12ಕ್ಕೆ ಶುರು, ನಮಗೆ ರಾತ್ರಿ 10:30. ಐರನ್ ಬೌಲ್, ಅಂದರೆ ಅಲಬಾಮಾ–ಆಬರ್ನ್ ಪಂದ್ಯ, ಪೂರ್ವ ಅಮೆರಿಕದ ವೇಳೆ 3:30ಕ್ಕಿದ್ದರೆ ಇಲ್ಲಿ ನಸುಕಿನ 2 ಗಂಟೆ.

ಮಿಶಿಗನ್–ಒಹಾಯೊ ಸ್ಟೇಟ್ ಪಂದ್ಯದಲ್ಲಿ ಚೆಂಡು ಹಿಡಿದು ನುಗ್ಗುವ ಆಟವನ್ನೇ ಗಮನಿಸಿ. 2024ರಲ್ಲಿ ಮಿಶಿಗನ್ ಪಾಸ್‌ನಿಂದ (ಚೆಂಡನ್ನು ಮುಂದಕ್ಕೆ ಎಸೆದು) ಗಳಿಸಿದ್ದು ಬರೀ 62 ಗಜ, ಓಟದಿಂದ 172. ಒಹಾಯೊ ಸ್ಟೇಟ್‌ನ ಎರಡು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವ ಯತ್ನ) ಗುರಿ ತಪ್ಪಿದವು, ಅದು 13–10ರಿಂದ ಸೋತಿತು.

ಐರನ್ ಬೌಲ್‌ನ ರೋಮಾಂಚನವೇ ಬೇರೆ. 2013ರಲ್ಲಿ 28–28 ಸಮ, ಉಳಿದಿದ್ದು ಒಂದೇ ಸೆಕೆಂಡ್. ಅಲಬಾಮಾ 57 ಗಜದಿಂದ ಒದ್ದ ಚೆಂಡು ಗೋಲು ಮುಟ್ಟಲಿಲ್ಲ. ಹಿಂದೆ ಕಾದು ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದುದ್ದಕ್ಕೂ ಓಡಿ, ಎದುರಾಳಿಯ ಕೊನೆಗೆರೆ ದಾಟಿ ಟಚ್‌ಡೌನ್ ಮಾಡಿದರು. ಒದೆಯುವವನಿಗೆ ಅಡ್ಡವಾಗಿ ಕಾವಲು ನಿಂತಿದ್ದ ಅಲಬಾಮಾದವರು ಹೆಚ್ಚಾಗಿ ದಪ್ಪ ಮೈಯ ಲೈನ್‌ಮನ್‌ಗಳು (ಮುಂಸಾಲಿನ ಆಟಗಾರರು), ಅವರಿಂದ ಬೆನ್ನಟ್ಟಲಾಗಲಿಲ್ಲ.

ಹೊಸಬರು ಮಿಶಿಗನ್ ಪಂದ್ಯದಿಂದಲೇ ಶುರುಮಾಡಿ. ಮೂರನೇ ಡೌನ್‌ನಲ್ಲಿ (10 ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) 2 ಗಜ ಬೇಕಿದ್ದಾಗ ಚೆಂಡು ಯಾರ ಕೈಗೆ ಹೋಗುತ್ತದೆ ನೋಡಿ. ಎರಡೂ ತಂಡದ ನಿಜವಾದ ಬಲ ಅಲ್ಲೇ ತಿಳಿಯುತ್ತದೆ.