ಕುದಿಸಿದ ನೀರಾ, ಕ್ಯಾನ್ ನೀರಾ, ಕ್ಲೋರಿನ್ನಾ? ಕೋಲಾರದವರಿಗೆ ಒಂದು ಹೋಲಿಕೆ

ಕೋಲಾರದ ಕಡೆ ನೀರಿಗೆ ಎರಡು ಕಾಟ. ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಒಡೆದ ಪೈಪು, ತೊಳೆಯದ ಟ್ಯಾಂಕ್ ದಾಟಿ ಬರುವಾಗ ಬ್ಯಾಕ್ಟೀರಿಯಾ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕುದಿಸುವುದು ಬ್ಯಾಕ್ಟೀರಿಯಾಕ್ಕೆ ಪಕ್ಕಾ. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಟ್ಟರೆ ಕಾಲರಾ, ಟೈಫಾಯಿಡ್ ರೋಗಾಣುಗಳು ಸಾಯುತ್ತವೆ. ಅದಕ್ಕಿಂತ ಹೆಚ್ಚು ಹೊತ್ತು ಸುಮ್ನೆ ಗ್ಯಾಸ್ ಸುಡಬೇಡಿ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ತುಸು ಜಾಸ್ತಿಯೇ ಆಗುತ್ತದೆ.

ಆರ್‌ಒ ಘಟಕದ (ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಸೋಸುವ ಕಡೆಯ) 20 ಲೀಟರ್ ಕ್ಯಾನ್ ಎರಡಕ್ಕೂ ಆಗುತ್ತದೆ, ಆ ಪೊರೆ (ಮೆಂಬ್ರೇನ್) ಸರಿಯಿದ್ದರೆ. ಎಡವಟ್ಟಾಗುವುದು ಕ್ಯಾನಿನಲ್ಲಿ. ಆರ್‌ಒ ನೀರಿನಲ್ಲಿ ಅದನ್ನು ಕೆಡದಂತೆ ಕಾಪಾಡುವ ಕ್ಲೋರಿನ್ ಉಳಿದಿರುವುದಿಲ್ಲ. ಒಳಗೆ ಪಾಚಿ ಕಟ್ಟಿದ ಕ್ಯಾನಿಗೆ ತುಂಬಿದರೆ, ಆಮೇಲೆ ಪಾತ್ರೆಗೆ ಸುರಿದು ಕೈಸಮೇತ ಲೋಟ ಅದ್ದಿದರೆ, ಕೊಟ್ಟ ದುಡ್ಡು ನೀರಿಗೇ ಹೋಯಿತು ಅಲ್ವಾ? ನಲ್ಲಿ ಇರುವ ಡಬ್ಬಿಯೇ ವಾಸಿ.

ಕ್ಲೋರಿನ್ ಮಾತ್ರೆ ಅಗ್ಗ. ಹಾಕಿ 30 ನಿಮಿಷ ಕಾಯಬೇಕು, ಸ್ವಲ್ಪ ವಾಸನೆ ಸಹಿಸಬೇಕು. ಶೇಖರಿಸಿಟ್ಟ ನೀರು ಮತ್ತೆ ಕೆಡದಂತೆ ತಡೆಯುವುದು ಈ ಮೂರರಲ್ಲಿ ಇದೊಂದೇ. ರಾಡಿ ನೀರಿಗೆ ಮಾತ್ರ ಸಾಲದು, ಮೊದಲು ಸೋಸಿ. ಫ್ಲೋರೈಡ್‌ಗೆ ಇದೂ ಉಪಯೋಗವಿಲ್ಲ.

ಹಾಗಾಗಿ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಭಾರತೀಯ ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಮಿತಿಗಿಂತ ಹೆಚ್ಚಿದ್ದರೆ ಕ್ಯಾನ್ ತನ್ನಿ, ಮನೆಯಲ್ಲಿ ಹಸುಗೂಸಿದ್ದರೆ ಆ ನೀರನ್ನೂ ಕುದಿಸಿ. ಕಡಿಮೆಯಿದ್ದರೆ ನಲ್ಲಿ ನೀರು ಕುದಿಸಿದರೆ ಸಾಕು.