ಗಂಡು ಟರ್ಕಿ ಕರೆಯೋಕೆ ಪೆಟ್ಟಿಗೆಯಾ, ಸ್ಲೇಟಾ, ಬಾಯಿಯಾ?

ಅಮೆರಿಕದ ಮಿಸೌರಿಯಲ್ಲಿ ವಸಂತದ ಟರ್ಕಿ ಕೋಳಿ ಬೇಟೆ ಶುರುವಾಗುವುದು ಏಪ್ರಿಲ್‌ನ ಮೂರನೇ ಸೋಮವಾರ. ಮೂರು ವರ್ಷದಿಂದ ಓಝಾರ್ಕ್ ಗುಡ್ಡಗಳಿಗೆ, ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್‌ಗೆ ಹೋಗುತ್ತಿದ್ದೇನೆ. ಊರಿಗೆ ಫೋನ್ ಮಾಡಿ ಹೇಳಿದರೆ "ಜೈಲಿಗೆ ಹಾಕಲ್ವೇನೋ?" ಅಂತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೋಡಿ ಬೆಳೆದವರು, ಅವರದ್ದೇನೂ ತಪ್ಪಲ್ಲ. ಇಲ್ಲೂ ಟರ್ಕಿ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. 1954ರಿಂದ ಹಕ್ಕಿಗಳನ್ನು ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟು ಬೆಳೆಸಿ, 1960ರಲ್ಲಿ ಮತ್ತೆ ಬೇಟೆಗೆ ಬಿಟ್ಟರು.

ಈ ಬೇಟೆಯ ಕಷ್ಟ ಇಷ್ಟೇ: ಕಾಡಿನಲ್ಲಿ ಗಂಡು ನಿಂತು ಕೂಗುತ್ತದೆ, ಹೆಣ್ಣು ಅದರ ಬಳಿಗೆ ನಡೆದು ಹೋಗುತ್ತದೆ. ನಾವು ಹೆಣ್ಣಿನ ದನಿ ಮಾಡಿಕೊಂಡು ಕೂತು, ಗಂಡೇ ನಡೆದು ಬರಲಿ ಅಂತ ಕಾಯುತ್ತೇವೆ. ಉಲ್ಟಾ ಸಂಬಂಧ.

ಈ ದನಿ ಮಾಡುವ ಸಾಧನಕ್ಕೆ "ಕಾಲ್" ಅಂತಾರೆ. ಮೊದಲ ವರ್ಷ ಬಾಕ್ಸ್ ಕಾಲ್ ಒಯ್ದೆ. ಮರದ ಪುಟ್ಟ ಪೆಟ್ಟಿಗೆ, ಮೇಲೆ ಹಿಡಿಕೆ ಇರುವ ಮುಚ್ಚಳ. ಅದಕ್ಕೆ ಚಾಕ್ ಉಜ್ಜಿ ಪೆಟ್ಟಿಗೆಯ ಅಂಚಿಗೆ ತಿಕ್ಕಿದರೆ ಹೆಣ್ಣಿನ ಕೂಗು ಬರುತ್ತದೆ. ಐದು ನಿಮಿಷದಲ್ಲಿ ಕಲಿತೆ. ಗಾಳಿ ಬೀಸುವ ದಿನ ಆಚೆ ಗುಡ್ಡದವರೆಗೆ ಸದ್ದು ಹೋಗುತ್ತದೆ, ಆ ವಿಷಯದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಒದ್ದೆಯಾದರೆ ಮೂಕ. ಹಳೆಯ ಬೇಟೆಗಾರರು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ತಿಕ್ಕುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ, ಎರಡೂ ಕೈ ಬೇಕು. ಟರ್ಕಿಯ ಮೂಗು ಅಷ್ಟೇನೂ ಚುರುಕಲ್ಲ, ಕಣ್ಣು ಮಾತ್ರ ಭಯಂಕರ. ಅವತ್ತು ಒಂದು ಗಂಡು ನನ್ನ ಪ್ರತಿ ಕೂಗಿಗೂ ಉತ್ತರ ಕೊಡುತ್ತಾ ಅರವತ್ತು ಹೆಜ್ಜೆಯಷ್ಟು ಹತ್ತಿರ ಬಂತು. ಪೆಟ್ಟಿಗೆ ಕೆಳಗಿಟ್ಟು ಬಂದೂಕು ಎತ್ತೋಣ ಅಂತ ಮೊಣಕೈ ಅಲ್ಲಾಡಿಸಿದೆ, ಅಷ್ಟೇ. "ಪಟ್" ಅಂದಿತು. ಅದು ಅವುಗಳ ಎಚ್ಚರಿಕೆಯ ಸದ್ದು. ಮತ್ತೆ ಕಾಣಲಿಲ್ಲ.

ಎರಡನೇ ವರ್ಷ ಸ್ಲೇಟ್ ಕಾಲ್. ನಮ್ಮ ಒಂದನೇ ಕ್ಲಾಸಿನ ಸ್ಲೇಟು-ಬಳಪವೇ ಅನ್ನಿ. ದುಂಡನೆಯ ಬಟ್ಟಲಿನ ಮೇಲೆ ಸ್ಲೇಟು ಕೂರಿಸಿರುತ್ತಾರೆ, ಮರದ ಕಡ್ಡಿಯಿಂದ ಸಣ್ಣ ಸುತ್ತು ಬರೆಯಬೇಕು. ಹೆಣ್ಣು ಮೇಯುವಾಗ ಗೊಣಗುವ ಸಣ್ಣ ಸದ್ದು ಇಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬರಲಿಲ್ಲ. ಕೈ ಬೆವರು ತಾಗಿದರೆ ಜಾರುತ್ತದೆ, ಜೇಬಿನಲ್ಲಿ ಮರಳು ಕಾಗದ ಬೇಕೇ ಬೇಕು. ಇದಕ್ಕೂ ಎರಡು ಕೈ ಬೇಕು, ಆದರೆ ಮಂಡಿಯ ಮರೆಯಲ್ಲಿ ಬೆರಳು ಮಾತ್ರ ಆಡಿದರೆ ಸಾಕು. ನನ್ನ ಮೊದಲ ಹಕ್ಕಿ ಸಿಕ್ಕಿದ್ದು ಇದರಿಂದಲೇ, ಮೂವತ್ತು ಗಜದಲ್ಲಿ.

ಇನ್ನು ಬಾಯಿ ಕಾಲ್. ಕುದುರೆ ಲಾಳದ ಆಕಾರದ ಪಟ್ಟಿ, ನಡುವೆ ತೆಳು ರಬ್ಬರು. ಅಂಗುಳಕ್ಕೆ ಒತ್ತಿ ಹಿಡಿದು ಉಸಿರು ಬಿಡಬೇಕು. ಮೊದಲ ವಾರ ಬರೀ ವಾಕರಿಕೆ. ತೆಂಗಿನಗರಿ ಪೀಪಿ ಊದಿದವನಿಗೆ ಇದ್ಯಾವ ಲೆಕ್ಕ ಅಂದುಕೊಂಡಿದ್ದೆ, ಸೊಕ್ಕು ಇಳಿಯಿತು. ಎರಡು ತಿಂಗಳು ಕಾರಿನಲ್ಲಿ ಅಭ್ಯಾಸ ಮಾಡಿದೆ. ಮನೆಯಲ್ಲಿ ಮಾಡಲು ಹೆಂಡತಿ ಬಿಡಲಿಲ್ಲ. ಈಗಲೂ ನನ್ನ ಕೂಗು ಸ್ವಲ್ಪ ಒಡಕು.

ಆದರೂ ಕೊನೆಯ ನಲವತ್ತು ಗಜಕ್ಕೆ ನನ್ನ ಓಟು ಇದಕ್ಕೇ. ಬಂದೂಕು ಮಂಡಿಯ ಮೇಲೆ, ಎರಡೂ ಕೈ ಅದರ ಮೇಲೆ, ಮೈ ಅಲ್ಲಾಡುವುದೇ ಇಲ್ಲ. ಈ ವರ್ಷ ಒಂದು ಗಂಡು ಓಕ್ ಮರದ ಹಿಂದೆ ನಿಂತುಬಿಟ್ಟಿತ್ತು. ಬಾಯಲ್ಲೇ ಒಂದು "ಕ್ಲಕ್" ಅಂದೆ. ಕತ್ತು ಹೊರಗೆ ಬಂತು.

ಈಗ ಮೂರನ್ನೂ ಒಯ್ಯುತ್ತೇನೆ. ದೂರದಲ್ಲಿ ಯಾರಿದ್ದಾರೆ ಅಂತ ಕೇಳೋಕೆ ಪೆಟ್ಟಿಗೆ, ಕೊನೆಗೆ ಬಾಯಿ. ಸ್ಲೇಟು ಮಳೆಯಿಲ್ಲದ ಬೆಳಿಗ್ಗೆ ಮಾತ್ರ. ಹೊಸಬರು ಒಂದನ್ನೇ ಕೊಳ್ಳುವುದಾದರೆ ಸ್ಲೇಟು ಕೊಳ್ಳಿ. ಬಾಕ್ಸ್ ಸುಲಭ ನಿಜ, ಆದರೆ ನನ್ನ ಹಾಗೆ ಮೊಣಕೈ ಆಡಿಸಿ ಕೆಡುತ್ತೀರಿ.

ಯಾವುದನ್ನೇ ಬಳಸಿ, ನಿಮ್ಮ ದನಿ ಕೇಳಿ ಇನ್ನೊಬ್ಬ ಬೇಟೆಗಾರನೂ ಬರಬಹುದು. ಗಂಡಿನ ತಲೆ ಕೆಂಪು, ಬಿಳಿ, ನೀಲಿ ಇರುತ್ತದೆ, ಆ ಬಣ್ಣದ ಕರವಸ್ತ್ರ ಕೂಡ ಬೇಡ. ಭುಜಕ್ಕಿಂತ ಅಗಲದ ಮರಕ್ಕೆ ಒರಗಿ ಕೂರಿ. ಯಾರಾದರೂ ಕಂಡರೆ ಕೈ ಬೀಸಬೇಡಿ, ಜೋರಾಗಿ ಮಾತಾಡಿ.

ಬಾಯಿ ಕಾಲ್ ಕೊಂಡರೆ, ರಬ್ಬರು ಪದರಗಳ ನಡುವೆ ಹಲ್ಲುಕಡ್ಡಿ ಸಿಕ್ಕಿಸಿ ಫ್ರಿಜ್‌ನಲ್ಲಿಡಿ. ಬೇಗ ಹಾಳಾಗುವುದಿಲ್ಲ. ನಮ್ಮ ಮನೆಯಲ್ಲಿ ಕರಿಬೇವಿನ ಡಬ್ಬಿ ಪಕ್ಕದಲ್ಲಿದೆ, ಅದರ ಬಗ್ಗೆ ಮಾತುಕತೆ ಇನ್ನೂ ನಡೆಯುತ್ತಿದೆ.